ಸೆರಗಿನ ಮೇಲೆ ತೆಗೆದ ಅಳತೆ

ಇವತ್ತು ಬೆಳಿಗ್ಗೆ ಮಾಸ್ಕನ್ನು ಕೂಸಿನ ಸೋಪಿನಲ್ಲಿ ತೊಳೆದು ಕಿಟಕಿಯ ಗ್ರಿಲ್ಲಿಗೆ ಕಟ್ಟಿದ ಹಗ್ಗಕ್ಕೆ ತೂಗುಹಾಕಿದೆ. ಒಂದು ಪಾರಿವಾಳ ಬಂದು ಕೂತು, ಕತ್ತು ಓರೆ ಮಾಡಿ ಅದರೊಳಗೆ ಇಣುಕಿತು. ಏನು ಕಂಡಿತೋ, ಹಾರಿಹೋಯಿತು. ಕೈಗೆ ಉಳಿದ ಆ ಸೋಪಿನ ವಾಸನೆ ನನ್ನನ್ನು ಮೂರು ವರ್ಷ ಹಿಂದಕ್ಕೆ ಕರೆದೊಯ್ದಿತು. ಓಂ, ಆಗ ನೀನು ಅಮ್ಮನ ತವರಿನಿಂದ ಬಂದ ಎರಡು ತಿಂಗಳ ಕೂಸು. ನಿನ್ನ ಹಿಂದೆಯೇ ನನ್ನ ಉಸಿರಿನ ಮಶೀನೂ ಈ ಮನೆಗೆ ಬಂತು. ಇಬ್ಬರಿಗೂ ಬೇರೆ ನೀರು, ಬೇರೆ ಅರಿವೆ, ಆದರೆ ಸೋಪು ಒಂದೇ. ಇಬ್ಬರೂ ಮೊದಲ ತಿಂಗಳು ಯಾರನ್ನೂ ಮಲಗಗೊಡಲಿಲ್ಲ.

ನಿಧಿ, ಓಂ, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ಕನ್ನಡ ಕೇಳಿದರೆ ನಿಮಗೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಅಪ್ಪನ ಕೈಯಲ್ಲಿ ಓದಿಸಿಕೊಳ್ಳಿ. ತನ್ನ ವಿಷಯ ಬಂದ ಕಡೆ ಅವನು ಸಾಲು ಹಾರಿಸಿದರೆ ಬಿಡಬೇಡಿ.

ಗೊರಕೆ ನನ್ನದೆಂಬುದು ನನಗೆ ಬಹಳ ತಡವಾಗಿ ಗೊತ್ತಾಯಿತು. ಮೊದಲು ನಾವು ಇದ್ದದ್ದು ಮುಂಬಯಿಯ ಕುರ್ಲಾದ ಚಾಳಿನಲ್ಲಿ. ಒಂದೇ ಸಾಲಿನಲ್ಲಿ ಹನ್ನೊಂದು ಖೋಲಿ, ನಡುವೆ ಹಲಗೆಯ ಗೋಡೆ. ಒಬ್ಬರು ಸೀನಿದರೆ ಆಚೆಯ ಖೋಲಿಯವರು ತಮ್ಮ ಮೂಗು ಒರೆಸಿಕೊಳ್ಳುವಷ್ಟು ಹತ್ತಿರ. ಬೆಳಿಗ್ಗೆ ನಳದ ಮುಂದೆ ಯಾರಾದರೂ, “ನಿಮ್ಮ ಖೋಲ್ಯಾಗಿನ ಗೊರಕಿಗೆ ನಮ್ಮ ಕೂಸು ಎದ್ದು ಕುಂತಿತ್ರಿ” ಎಂದರೆ, ನಿಮ್ಮ ಅಜ್ಜ ಕೊಡ ಕೆಳಗಿಟ್ಟು, “ನಂದರಿ ಅದು. ಏನ್ ಮಾಡೂದು, ನನ್ನ ಮೂಗ ಹಂಗೈತಿ” ಎನ್ನುತ್ತಿದ್ದರು. ನಾನೂ ಅದನ್ನೇ ನಂಬಿದ್ದೆ. “ಮಗ್ಗಲಾ ಆಗಿ ಮಲಗ್ರಿ, ನಾಕ್ ಮಂದಿ ಏನಂದಾರು” ಎಂದು ಅವರಿಗೆ ಬುದ್ಧಿ ಬೇರೆ ಹೇಳುತ್ತಿದ್ದೆ. ಅವರು ಹೂಂಗುಟ್ಟಿ ಮಗ್ಗಲಾಗುತ್ತಿದ್ದರು.

ಅವರು ಹೋದರು. ನಾವು ಸಾಂತಾಕ್ರೂಜಿನ ಈ ಬಿಲ್ಡಿಂಗಿಗೆ ಬಂದೆವು. ಗೊರಕೆಯೂ ನಮ್ಮ ಹಿಂದೆ ಬಂತು. “ಅವ್ವಾ, ರಾತ್ರಿ ಭಾಳ ಗೊರಕಿ ಹೊಡೀತಿಯಲ್ಲ” ಎಂದು ಒಂದು ದಿನ ನಿಮ್ಮಪ್ಪ ಕೇಳಿದಾಗ ನನಗೆ ಎಲ್ಲ ಹೊಳೆಯಿತು. ನಾಚಿಕೆಯ ಹೆಂಡತಿ ನಳದ ಮುಂದೆ ತಲೆ ತಗ್ಗಿಸಬಾರದೆಂದು ಆ ಮನುಷ್ಯ ಅಷ್ಟು ವರ್ಷ ನನ್ನ ಗೊರಕೆಯನ್ನು ತನ್ನ ಮೂಗಿನ ಮೇಲೆ ಹೊತ್ತಿದ್ದ. ಒಳಗೆ ಹೋಗಿ ಅವರ ಫೋಟೋದ ಮುಂದೆ ನಿಂತು ನಕ್ಕೆ. ಅಳುವೂ ಸ್ವಲ್ಪ ಬಂತು, ಆದರೆ ನಗುವೇ ಹೆಚ್ಚು.

ಗೊರಕೆಗಿಂತ ಹಗಲಿನ ನಿದ್ದೆ ಕೆಟ್ಟದ್ದು. ರಾತ್ರಿಯೆಲ್ಲ ಮಲಗಿದರೂ ಬೆಳಿಗ್ಗೆ ಗೋಣಿಚೀಲ ಹೊತ್ತವಳಂತೆ ಏಳುತ್ತಿದ್ದೆ. ಕಾಯಿಪಲ್ಯೆ ಸೋಸುತ್ತ, ಜಪ ಮಾಡುತ್ತ, ಎಲ್ಲೆಂದರಲ್ಲಿ ತೂಕಡಿಕೆ. ಒಂದು ದಿನ ಹಂಚಿನ ಮೇಲೆ ರೊಟ್ಟಿ ಹಾಕಿ ಗೋಡೆಗೆ ಒರಗಿದವಳು ಹಾಗೇ ನಿದ್ದೆ ಹೋದೆ. ಕಣ್ಣು ಬಿಟ್ಟಾಗ ಅಡುಗೆಮನೆ ತುಂಬ ಹೊಗೆ. ಪಕ್ಕದಲ್ಲಿದ್ದ ಅರಿವೆಯ ಅಂಚು ಉರಿಯುತ್ತಿತ್ತು. ರಜೆಯ ದಿನ, ನಿಮ್ಮಪ್ಪ ಮನೆಯಲ್ಲಿದ್ದ. ಓಡಿಬಂದು ನೀರು ಸುರುವಿದ. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಮರುದಿನದಿಂದ ಆಫೀಸಿಗೆ ಹೊರಡುವ ಮೊದಲು ಪೈಪ್ ಗ್ಯಾಸಿನ ಕಾಕನ್ನು, ಅಂದರೆ ಗೋಡೆಯ ಚಾವಿಯನ್ನು, ತಿರುಗಿಸಿ ಬಂದ್ ಮಾಡಿ ಹೋಗತೊಡಗಿದ.

ಅದನ್ನು ತೆರೆಯಲು ನನಗೆ ಬರುವುದಿಲ್ಲವೆಂದಲ್ಲ. ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆ ಹೋಗಿತ್ತು. ನಾಲ್ಕನೆಯ ಇಯತ್ತೆ ಬಿಟ್ಟ ದಿನದಿಂದ ಒಲೆಯ ಮುಂದೆ ಕೂತವಳು ನಾನು. ನನಗೆ ಗೊತ್ತಿರುವ ವಿದ್ಯೆಯೇ ಅದು. ನಿಮ್ಮಮ್ಮ ಆಗ ಹೆರಿಗೆಗೆಂದು ತವರಿಗೆ ಹೋಗಿದ್ದಳು. ಡಬ್ಬಿಯಲ್ಲಿ ಆರಿಹೋದ ಚಪಾತಿಯನ್ನು ಮಧ್ಯಾಹ್ನ ಒಬ್ಬಳೇ ತಿನ್ನುವಾಗ, ಯಾರದೋ ಮನೆಗೆ ಬಂದು ಉಣ್ಣುತ್ತಿದ್ದೇನೆ ಅನ್ನಿಸುತ್ತಿತ್ತು.

ಡಾಕ್ಟರರು ಪರೀಕ್ಷೆ ಮಾಡಿಸಿ ಹೇಳಿದರು: ಮಲಗಿದಾಗ ಗಂಟಲು ಮುಚ್ಚಿ ಮತ್ತೆ ಮತ್ತೆ ಉಸಿರು ನಿಲ್ಲುತ್ತಿದೆ, ಅದಕ್ಕೇ ನಿದ್ದೆಯಾಗುತ್ತಿಲ್ಲ. ಮಶೀನು ಗಾಳಿ ಊದಿ ಗಂಟಲನ್ನು ತೆರೆದಿಡುತ್ತದೆ. ಮನೆಗೆ ಬರುವಾಗ ರಿಕ್ಷಾದಲ್ಲಿ ನಿಮ್ಮಪ್ಪ ಅಂದ, “ಮಶೀನ್ ನಿನಗ ಹೊಂದಿದ ದಿನ ಒಲಿ ನಿಂದವಾ. ಅಲ್ಲೀತನಾ ಬ್ಯಾಡ.”

ಮಶೀನು ತಂದವರು ಮರಾಠಿಯವರು, ನಡುವಯಸ್ಸಿನ ಸಭ್ಯ ಮನುಷ್ಯ. ಮಾಸ್ಕಿನ ಅಳತೆ ನೋಡಬೇಕು ಎಂದು ನನ್ನನ್ನು ಕುರ್ಚಿಯ ಮೇಲೆ ಕೂರಿಸಿದರು. ಪರ ಗಂಡಸು ಎದುರಿಗೆ ಬಂದೊಡನೆ ನನ್ನ ಕೈ ತಾನಾಗಿ ಸೆರಗನ್ನು ತಲೆಯ ಮೇಲೆ ಎಳೆದಿತ್ತು. “ಆಜೀ, ಪದರ ಥೋಡಾ ಮಾಗೆ ಘ್ಯಾ” ಎಂದರು, ಸೆರಗು ಸ್ವಲ್ಪ ಹಿಂದೆ ಸರಿಸಿ ಎಂದು. ನಾನು ಮರಾಠಿ ಬಾರದವಳಂತೆ ಕೂತೆ. ನಲವತ್ತು ವರ್ಷ ಮುಂಬಯಿಯ ಭಾಜಿವಾಲಿಯರ ಜೊತೆ ಜಗಳಾಡಿದವಳು! ಪಾಪ, ಅವರು ಒತ್ತಾಯ ಮಾಡದೆ ಸೆರಗಿನ ಮೇಲೆಯೇ ಪಟ್ಟಿ ಬಿಗಿದರು. ಮಶೀನು ಹಚ್ಚಿ, ಸುತ್ತಲೂ ಕೈಯಿಟ್ಟು ನೋಡಿ, “ಏಕದಮ್ ಫಿಟ್” ಅಂದರು.

ರಾತ್ರಿ ಮಾತ್ರ ಅದು ಫಿಟ್ ಆಗಲಿಲ್ಲ. ಗಾಳಿ ಸಂದಿಯಿಂದ ಸಿಳ್ಳೆ ಹಾಕುತ್ತ ನೇರ ಕಣ್ಣಿಗೆ ಹೊಡೆಯಿತು. ಮಾಸ್ಕು ಸರಿಯಾಗಿ ಕೂತಿತ್ತೋ ಇಲ್ಲವೋ ಎಂದು ಬೆಳಿಗ್ಗೆ ಮಶೀನು ತನ್ನ ಪರದೆಯ ಮೇಲೆ ಒಂದು ಮುಖ ತೋರಿಸುತ್ತದೆ. ನಿಧಿ, ಹಲ್ಲುಜ್ಜುವ ಮೊದಲೇ ಓಡಿಬಂದು ನೋಡುತ್ತಿದ್ದವಳು ನೀನು. “ಅಜ್ಜಿ, ಆಜ್ ಭೀ ರೋ ರಹಾ ಹೈ.” ದಿನಾ ಅದೇ ಅಳುಮೋರೆ. ನಿಮ್ಮಪ್ಪ ಪಟ್ಟಿಯನ್ನು ಇನ್ನಷ್ಟು ಬಿಗಿದ. ಗಲ್ಲದ ಮೇಲೆ ಕೆಂಪು ಗೆರೆ ಬಿತ್ತು, ಅಳುಮೋರೆ ಹಾಗೇ ಉಳಿಯಿತು. ಮಶೀನಿನವರಿಗೆ ಫೋನು ಮಾಡಿದರೆ, ಹಗಲು ಸ್ವಲ್ಪ ಹೊತ್ತು ಹಾಕಿಕೊಂಡು ರೂಢಿ ಮಾಡಿಕೊಳ್ಳಲಿ, ಆಗಲೂ ಆಗದಿದ್ದರೆ ಮಶೀನು ವಾಪಸು ಕೊಟ್ಟುಬಿಡಿ ಎಂದರು. ಮಶೀನಿನ ಜೊತೆಗೆ ನನ್ನ ಒಲೆಯೂ ಹೋದಂತೆಯೇ.

ಮಧ್ಯಾಹ್ನ ಮಶೀನು ಹಚ್ಚಿ, ಮಾಸ್ಕು ಕಟ್ಟಿಕೊಂಡು ಮೆಂತೆ ಸೊಪ್ಪು ಬಿಡಿಸುತ್ತ ಕೂರತೊಡಗಿದೆ. ಯಾರಾದರೂ ಬಂದಾರೆಂದು ತಲೆಯ ಮೇಲೆ ಸೆರಗು ಇದ್ದೇ ಇತ್ತು. ಒಂದು ದಿನ ಮೂರನೆಯ ಮಹಡಿಯ ಜಲಜಕ್ಕ ಬಂದರು. ಮಂಗಳೂರಿನ ಕಡೆಯವರು, ಬೆಲ್ ಒತ್ತುವ ಪದ್ಧತಿ ಅವರಿಗಿಲ್ಲ.

“ಎಂಥದು ಇದು? ಏರ್‌ಪೋರ್ಟ್ ಹತ್ತಿರ ಉಂಟು ಅಂತ ನೀವೂ ವಿಮಾನ ಓಡಿಸ್ಲಿಕ್ಕೆ ಹೊರಟ್ರಾ?”

ಮಾಸ್ಕು ಎತ್ತಿ ಎಲ್ಲ ಹೇಳಿದೆ. ಅವರು ಅದನ್ನು ಮತ್ತೆ ನನ್ನ ಮುಖಕ್ಕೆ ಕೂರಿಸಿ, ಅಂಚಿನ ಸುತ್ತ ಬೆರಳಾಡಿಸಿದರು. “ಗಾಳಿ ಎಲ್ಲಿಯೂ ಸೋರುದಿಲ್ಲವಲ್ಲ. ಹಗಲಿಗೆ ಸರಿ ಕೂತದ್ದು ರಾತ್ರಿಗೆ ಯಾಕೆ ಸೋರ್ತದೆ? ರಾತ್ರಿಗೆ ನೀವು ಬೇರೆ ಮುಖ ಇಟ್ಕೊಳ್ತೀರಾ?”

ಅವರು ಮೆಂತೆ ಒಂದು ಹಿಡಿ ತೆಗೆದುಕೊಂಡು ಹೋದರು. ನಾನು ಕೂತಲ್ಲೇ ಕೂತೆ. ಹೌದು, ರಾತ್ರಿ ನನ್ನದು ಬೇರೆ ಮುಖವೇ. ಮಲಗುವಾಗ ತಲೆಯ ಮೇಲೆ ಸೆರಗಿಲ್ಲ, ಹಿಂದೆ ಗಟ್ಟಿ ತುರುಬು. ಮತ್ತೆ, ಹೇಗೆ ಬರೆಯಲಿ, ಬಾಯಲ್ಲಿ ಹಲ್ಲಿಲ್ಲ. ನಾನು ಹಲ್ಲು ಕಟ್ಟಿಸಿದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಹಲ್ಲಿಲ್ಲದ ನನ್ನ ಬಾಯಿ ಯಾರಿಗೂ ಗೊತ್ತಿಲ್ಲ. ನಿಮ್ಮ ಅಜ್ಜನೂ ನೋಡಿರಲಿಲ್ಲ. ದೀಪ ಆರಿದ ಮೇಲೆ ತೆಗೆದು ಬಟ್ಟಲಿನ ನೀರಿಗೆ ಹಾಕಿ, ಅವರು ಏಳುವ ಮೊದಲು ಹಾಕಿಕೊಳ್ಳುತ್ತಿದ್ದೆ. ಹಲ್ಲು ತೆಗೆದರೆ ಗಲ್ಲ ಒಳಗೆ ಹೋಗುತ್ತದೆ, ಮೂಗು ಗದ್ದ ಹತ್ತಿರವಾಗುತ್ತವೆ. ಅಳತೆ ಕೊಟ್ಟವಳೊಬ್ಬಳು, ಮಲಗುವವಳು ಇನ್ನೊಬ್ಬಳು.

ಇದನ್ನು ಹೇಳದಿದ್ದರೆ ಮಶೀನು ವಾಪಸು ಹೋಗುತ್ತದೆ. ಹೇಳಬೇಕೆಂದರೆ ನಾನು ನಾನೇ. ಊರಿನ ಸಾಲೆಯಲ್ಲಿ ಮಾಸ್ತರರು ಲೆಕ್ಕ ಕೇಳಿದರೆ ಉತ್ತರ ನನಗೆ ಮೊದಲೇ ಗೊತ್ತಿರುತ್ತಿತ್ತು. ಕೈ ಎತ್ತುತ್ತಿರಲಿಲ್ಲ. ಪಕ್ಕದವಳ ಕಿವಿಯಲ್ಲಿ ಹೇಳುತ್ತಿದ್ದೆ, ಶಾಭಾಸು ಅವಳಿಗೆ ಸಿಗುತ್ತಿತ್ತು. ಈ ಸಲ ಪಕ್ಕದಲ್ಲಿ ಯಾರೂ ಇರಲಿಲ್ಲ.

ಮಶೀನಿನವರು ಮತ್ತೆ ಬಂದ ದಿನ ನಿಮ್ಮಪ್ಪನೂ ಇದ್ದ. ಅವರು ಕುರ್ಚಿ ಎಳೆದರು. ನಾನು ಕುರ್ಚಿಗೆ ಹೋಗದೆ ಮಂಚದ ಹತ್ತಿರ ನಿಂತೆ. ಸೆರಗು ತೆಗೆದೆ. ಕಣ್ಣು ಮುಚ್ಚಿಕೊಂಡು, “ಮೀ ರಾತ್ರೀ ದಾತ ಕಾಢತೇ” ಎಂದೆ, ರಾತ್ರಿ ಹಲ್ಲು ತೆಗೆಯುತ್ತೇನೆ ಎಂದು. ಗೋಡೆಯ ಕಡೆ ತಿರುಗಿ ಹಲ್ಲು ತೆಗೆದು ಬಟ್ಟಲಿಗೆ ಹಾಕಿ, ತಿರುಗಿ ಮಲಗಿದೆ.

ಅವರು ಹಲ್ಲನ್ನು ನೋಡಲೇ ಇಲ್ಲ. “ಆಜೀ, ತುಮ್ಹಾಲಾ ಮರಾಠೀ ಯೇತೇ?” ಎಂದು ಕೇಳಿದರು, ನಿಮಗೆ ಮರಾಠಿ ಬರುತ್ತದೆಯೇ ಎಂದು. ನಿಮ್ಮಪ್ಪ ನಕ್ಕ ನಗೆಗೆ ಒಳಗೆ ಓಂ ಎದ್ದು ಅಳತೊಡಗಿದ. ನಾನೂ ಬೊಚ್ಚು ಬಾಯಲ್ಲೇ ನಕ್ಕೆ. ಏನೂ ಆಗಲಿಲ್ಲ, ಸೂರು ಕುಸಿಯಲಿಲ್ಲ.

ಮಲಗಿಸಿಯೇ, ಗಾಳಿ ಬಿಟ್ಟೇ, ಅವರು ಹೊಸ ಅಳತೆ ತೆಗೆದರು. ಮಾಸ್ಕಿನ ಒಳಗಿನ ಮೆತ್ತೆ ಒಂದು ನಂಬರು ಚಿಕ್ಕದಾಯಿತು. ಪಟ್ಟಿ ಬಿಗಿಯುವ ಬದಲು ಸಡಿಲಾಯಿತು. ಹೆಚ್ಚು ಬಿಗಿದರೆ ಮೆತ್ತೆ ಮುದುಡಿ ಇನ್ನೂ ಸೋರುತ್ತದಂತೆ. ತುರುಬು ಪಟ್ಟಿಯನ್ನು ಮೇಲೆ ತಳ್ಳುತ್ತದೆ ಎಂದರು. ನಿಧಿ, ಆ ಸಂಜೆ ನೀನು ನನ್ನ ಬಿಳಿ ಕೂದಲಿಗೆ ಎರಡು ಜಡೆ ಹಾಕಿ, ನಿನ್ನ ಸಾಲೆಯ ರಿಬ್ಬನ್ ಕಟ್ಟಿದೆ. “ಅಜ್ಜಿ, ಹೋಮ್‌ವರ್ಕ್ ಮಾಡಿದ್ಯಾ?” ಎಂದು ಕೇಳಿ ನೀನೇ ಬಿದ್ದು ಬಿದ್ದು ನಕ್ಕೆ.

ಮೂರನೆಯ ಬೆಳಿಗ್ಗೆ ಪರದೆಯ ಮುಖ ನಕ್ಕಿತು. ನಿಧಿ, ಸ್ನಾನದ ಮನೆಯಲ್ಲಿದ್ದ ನಿಮ್ಮಮ್ಮನನ್ನು ನೀನು ಕೂಗಿ ಕರೆದೆ. ವಾರ ಕಳೆಯುವಷ್ಟರಲ್ಲಿ ಜಪದ ಮಾಲೆ ಕೈಯಿಂದ ಜಾರುವುದು ನಿಂತಿತು. ಮಧ್ಯಾಹ್ನ ಮಲಗಬೇಕೆಂದು ಕಾಲು ಚಾಚಿದರೂ ನಿದ್ದೆ ಬರುತ್ತಿರಲಿಲ್ಲ. ನಿಮ್ಮಪ್ಪ ಇದನ್ನೆಲ್ಲ ನೋಡುತ್ತಿದ್ದ. ಆದರೂ ಹೊರಡುವ ಮೊದಲು ಕಾಕು ತಿರುಗಿಸುವುದನ್ನು ಬಿಟ್ಟಿರಲಿಲ್ಲ. ನಿಮ್ಮಮ್ಮನೂ ಬೇಕಾದಾಗ ತೆರೆದು, ಕೆಲಸ ಮುಗಿದೊಡನೆ ಬಂದ್ ಮಾಡುತ್ತಿದ್ದಳು.

ತಿಂಗಳಾದ ಮೇಲೆ ಒಂದು ದಿನ, ಅವನು ಹೋದ ಮೇಲೆ ನೋಡಿದರೆ ಗ್ಯಾಸಿನ ಕಾಕು ತೆರೆದೇ ಇತ್ತು. ಗಡಿಬಿಡಿಯಲ್ಲಿ ಮರೆತನೆಂದುಕೊಂಡೆ. ಆಫೀಸಿಗೆ ನಾನು ಎಂದೂ ಫೋನು ಮಾಡಿದವಳಲ್ಲ. ಅಂದು ಮಾಡಿದೆ.

“ಗ್ಯಾಸ್ ಬಂದ್ ಮಾಡೂದು ಮರತ ಹೋಗೀಯಪಾ.”

“ಮರತಿಲ್ಲವಾ” ಎಂದ. “ರೊಟ್ಟಿ ಮಾಡು. ನನಗ ಎರಡ ಎತ್ತಿ ಇಡು.”

ಈಗ ಮಧ್ಯಾಹ್ನ ಮೂರು ಗಂಟೆ. ಮನೆಯಲ್ಲಿ ನಾನೊಬ್ಬಳೇ. ಅಡುಗೆಮನೆಯ ಕಟ್ಟೆಯ ಮೇಲೆ ಕಾಗದ ಇಟ್ಟುಕೊಂಡು ನಿಂತೇ ಬರೆಯುತ್ತಿದ್ದೇನೆ, ಏಕೆಂದರೆ ಪಕ್ಕದಲ್ಲಿ ಸಣ್ಣ ಉರಿಯ ಮೇಲೆ ಶೇಂಗಾ ಹುರಿಯುತ್ತಿದೆ. ಎರಡು ಸಾಲಿಗೊಮ್ಮೆ ಕೈಯಾಡಿಸುತ್ತೇನೆ. ಅಕ್ಷರ ಅಲ್ಲಲ್ಲಿ ಓರೆಯಾಗಿದ್ದರೆ ಅದಕ್ಕೇ, ವಯಸ್ಸಿನಿಂದಲ್ಲ. ಇದೋ, ಉರಿ ಆರಿಸಿದೆ. ಒಂದು ಕಾಳೂ ಕರಕಾಗಿಲ್ಲ.