ಒದ್ದೆ ರಟ್ಟಿನ ವಾಸನೆ

ಕೆಳಗಿನ ಮನೆ ಅಂಕಲ್ ಮೂಗಿನ ತುದಿ ಸದಾ ಕೆಂಪಗಿರುತ್ತಿತ್ತು. ಹೊಸಬರು ನೋಡಿದರೆ ಕುಡುಕ ಎಂದುಕೊಳ್ಳಬೇಕು. "ಕುಡ್ದಲ್ಲಮ್ಮ, ಮೂಸಿ ಮೂಸಿ" ಎನ್ನುತ್ತಿದ್ದರು. ಒಂಟಿ ಜೀವ. ಅಮೆರಿಕದ ಹರ್ನ್‌ಡನ್‌ನ ಒಂದು ವೈನ್ ಅಂಗಡಿಯಲ್ಲಿ ಯಾವುದನ್ನು ತರಿಸಬೇಕು, ಯಾವುದನ್ನು ವಾಪಸು ಕಳಿಸಬೇಕು ಎಂದು ಮೂಸಿ ಹೇಳುವುದು ಅವರ ಕೆಲಸ. ಮೈಸೂರಿನ ಅಕ್ಕಂದಿರಿಗೆ ಮಾತ್ರ ಹಣ್ಣಿನ ರಸದ ಕಂಪನಿ ಎಂದು ಹೇಳಿದ್ದರು.

ನಾನು ತೊಂಬತ್ತರ ದಶಕದ ನಡುವೆ ಗಂಡನ ವೀಸಾದ ಬಾಲ ಹಿಡಿದು ಬಂದವಳು. ಕೆಲಸ ಮಾಡುವಂತಿಲ್ಲ, ಕಾರು ಓಡಿಸಲು ಬರುವುದಿಲ್ಲ. ಹಗಲೆಲ್ಲ ಕಿಟಕಿಯಿಂದ ಪಾರ್ಕಿಂಗ್ ಲಾಟ್ ನೋಡುತ್ತಿದ್ದೆ. ಅಳುವೂ ಬರುತ್ತಿರಲಿಲ್ಲ, ಒಳಗೆಲ್ಲ ಜೋಮು ಹಿಡಿದಂತಿತ್ತು.

ಒಂದು ಚಳಿಗಾಲ ಅಂಕಲ್‌ಗೆ ಜೋರು ಫ್ಲೂ ಬಂತು. ಜ್ವರ ಹೋಯಿತು, ಅದರ ಜೊತೆ ವಾಸನೆಯೂ ಹೋಯಿತು. ಒಗ್ಗರಣೆ ಸೀದರೂ ತಿಳಿಯದು. ಅಂಗಡಿಯವರಿಗೆ ಗೊತ್ತಾದರೆ ಕೆಲಸ ಉಳಿಯುವುದಿಲ್ಲ. ಒಂದು ಶನಿವಾರ ನಾಲ್ಕು ಸ್ಯಾಂಪಲ್ ಬಾಟಲಿ ಹಿಡಿದು ನಮ್ಮ ಮನೆಗೆ ಹತ್ತಿ ಬಂದರು.

"ನೀನು ಬಾಯಿಗೆ ಹಾಕೋದು ಬೇಡ. ಮೂಸಿ ಏನನ್ಸುತ್ತೋ ಹೇಳು, ಸಾಕು."

"ನಂಗೇನ್ ಗೊತ್ತು ಅಂಕಲ್? ನಾನು ಮೂಸಿರೋದು ಸಾರು, ಹುಳಿ."

"ಅದನ್ನೇ ಹೇಳು. ಇಂಗ್ಲಿಷಿಗೆ ನಾನು ಟ್ರಾನ್ಸ್‌ಲೇಟ್ ಮಾಡ್ಕೋತೀನಿ."

ಹಾಗೆ ನಾನು ಅವರ ಮೂಗಾದೆ. ಪ್ರತಿ ಶನಿವಾರ ನಾನು ಹೇಳುವುದು, ಅವರು ಬರೆದುಕೊಳ್ಳುವುದು. ಒಮ್ಮೆ ಒಂದು ಗ್ಲಾಸಿನಿಂದ ಒದ್ದೆ ರಟ್ಟಿನ ವಾಸನೆ ಬಂತು. ನಾನು ಬಾಯಿ ಬಿಡುವ ಮೊದಲೇ ಅವರು ಅದನ್ನು ಸಿಂಕಿಗೆ ಬಗ್ಗಿಸಿ, ಗ್ಲಾಸನ್ನು ಬೋರಲು ಹಾಕಿದರು. ಕೆಟ್ಟ ವೈನಿಗೆ ಅವರು ಮಾಡುತ್ತಿದ್ದುದು ಅಷ್ಟೇ.

"ಬಿರಡೆ ಕೆಟ್ಟಿದೆ. ನಿನ್ ಮುಖದಲ್ಲೇ ಗೊತ್ತಾಯ್ತು. ಮೂಗಿಗೆ ಮಾತ್ರ ದಾಕ್ಷಿಣ್ಯ ಕಲಿಸ್ಬೇಡ ಕಣಮ್ಮ" ಎಂದರು.

ಅವರ ಕ್ಲಾಸೆಟ್‌ನಲ್ಲಿ ಶಾಲು ಹೊದ್ದು ಒಂದು ಬಾಟಲಿ ಮಲಗಿತ್ತು. ಬರ್ಗಂಡಿಯ ಕೆಂಪು ವೈನ್. ಹಿಂದೆ ಅಂಗಡಿಯವರು ಫ್ರಾನ್ಸಿಗೆ ಕಳಿಸಿದ್ದಾಗ ಅದರ ದ್ರಾಕ್ಷಿ ಬೆಳೆದ ತೋಟದ ಯಜಮಾನಿಯೇ ಕೈಗಿತ್ತು, ಹತ್ತು ವರ್ಷ ತೆಗೆಯಬೇಡ ಎಂದಿದ್ದಳಂತೆ. ತೋಟ ಎಂದರೆ ಎಕರೆಗಟ್ಟಲೆ ಎಂದುಕೊಂಡಿದ್ದೆ.

"ಎಲ್ಲಿಂದ ಬಂತು? ಅಣ್ಣತಮ್ಮಂದಿರಲ್ಲಿ ಭಾಗ ಆಗಿ ಆಗಿ, ಆ ಇಳಿಜಾರಲ್ಲಿ ಆಕೆಗೆ ಒಂಬತ್ತು ಸಾಲು ಬಳ್ಳಿ ಉಳಿದಿತ್ತು. ಪಕ್ಕದ ಸಾಲು ಆಕೆ ತಮ್ಮಂದು. ಇಬ್ಬರಿಗೂ ಮಾತಿಲ್ಲ. ಉಳೋ ಕುದುರೆ ಮಾತ್ರ ಒಂದೇ. ಬೊಗಸೇಲಿ ಮಣ್ಣು ಹಿಡಿದು ನಂಗೆ ಮೂಸಿಸಿದ್ಲು. ವೈನಲ್ಲೂ ಇದೇ ಬರುತ್ತೆ ಅಂದ್ಲು."

ಹತ್ತು ವರ್ಷ ತುಂಬಿದ ಭಾನುವಾರ ಇಸ್ತ್ರಿ ಶರ್ಟು ತೊಟ್ಟು ಬಾಟಲಿಯೊಂದಿಗೆ ಬಂದರು. ಎರಡು ಗ್ಲಾಸಿಗೆ ಬಗ್ಗಿಸಿದರು. ನಾನು ಮೂಸಿದೆ. ಒದ್ದೆ ರಟ್ಟು.

"ಮಣ್ಣು ಬರುತ್ತಾ?"

ಹತ್ತು ವರ್ಷ ಕಾದ ಮುಖದ ಮುಂದೆ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ.

"ಬರುತ್ತೆ ಅಂಕಲ್. ಬೀಟ್‌ರೂಟ್ ಸಿಪ್ಪೆ ಹೆರೆದಾಗ ಬರುತ್ತಲ್ಲ, ಹಾಗೆ. ಆಮೇಲೆ ನೇರಳೆಹಣ್ಣು."

ಅವರು ಬರೆದುಕೊಳ್ಳಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು.

"ಚೆನ್ನಾಗಿ ಹೇಳ್ದೆ" ಎಂದರು. ಎದ್ದು, ಎರಡೂ ಗ್ಲಾಸು ಸಿಂಕಿಗೆ ಬಗ್ಗಿಸಿ, ತೊಳೆದು, ಬೋರಲು ಹಾಕಿ ಕೆಳಗೆ ಹೋದರು.

ಮುಂದಿನ ಶನಿವಾರ ಬರಲಿಲ್ಲ. ಮೂಗು ಹೋಗಿದೆ ಎಂದು ಅಂಗಡಿಯಲ್ಲಿ ತಾವೇ ಹೇಳಿ ಕೆಲಸ ಬಿಟ್ಟಿದ್ದರು. ಬೈದಿದ್ದರೆ ವಾಸಿಯಾಗಿತ್ತು. ಮೆಟ್ಟಿಲಲ್ಲಿ ಸಿಕ್ಕರೆ "ಊಟ ಆಯ್ತಾ" ಎನ್ನುತ್ತಿದ್ದರು, ಅಷ್ಟೇ.

ವರ್ಷ ತುಂಬುವುದರೊಳಗೆ ಎದೆನೋವಿನಿಂದ ಹೋದರು. ಫ್ಯೂನರಲ್ ಹೋಮ್‌ನಲ್ಲಿ ನನಗೆ ಅಳು ಬರಲಿಲ್ಲ. ಹೂವಿನದು, ಹೊಸ ಕಾರ್ಪೆಟ್ಟಿನದು, ಯಾರದೋ ನೆನೆದ ಕೋಟಿನದು, ಒಂದೊಂದು ವಾಸನೆಯೂ ಬೇರೆ ಬೇರೆಯಾಗಿ ತಿಳಿಯುತ್ತಿತ್ತು. ಅದು ಅವರು ಕಲಿಸಿದ್ದು. ಅವರು ನನ್ನಿಂದ ಕೇಳಿದ್ದು ಒಂದು ನಿಜ. ಅದನ್ನು ನಾನು ಕೊಡಲಿಲ್ಲ.