ಕೈಕಟ್ಟಿ ಕೂರುವ ಕೆಲಸ

ಬೆಳಗಿನ ಐದೂಮುಕ್ಕಾಲು. ಮೂರನೇ ಮಹಡಿಯ ಕಿಟಕಿಯಲ್ಲಿ ಬೆಳಕಿಗಿನ್ನೂ ಬೂದಿ ಬಣ್ಣ. ಮಂಚದ ಅಂಚಿನಲ್ಲಿ ಕೂತ ಎಪ್ಪತ್ತೆಂಟರ ಹಿರಿಯರು ಅಂಗಿಯ ಎರಡನೇ ಗುಂಡಿಯ ಜೊತೆ ಗುದ್ದಾಡುತ್ತಿದ್ದಾರೆ. ಒಂದು ಕಾಲಕ್ಕೆ ಸಾಸಿವೆಗಿಂತ ಸಣ್ಣ ತಿರುಪುಗಳನ್ನು ಚಿಮಟದಲ್ಲಿ ಎತ್ತಿ ಕೂರಿಸುತ್ತಿದ್ದ ಗಡಿಯಾರ ರಿಪೇರಿಯವರು. ಪಾರ್ಶ್ವವಾಯು ಹೊಡೆದ ಮೇಲೆ ಬಲಗೈ ಹೇಳಿದ ಮಾತು ಕೇಳುವುದಿಲ್ಲ. ಎದುರಿನ ಸ್ಟೂಲಿನ ಮೇಲೆ ಒಬ್ಬ ಮಹಿಳೆ ಕೈಕಟ್ಟಿ ಕೂತಿದ್ದಾರೆ. ಗುಂಡಿ ಜಾರುತ್ತದೆ. ಅವರು ಕದಲುವುದಿಲ್ಲ. ಮತ್ತೆ ಜಾರುತ್ತದೆ. ಅವರ ಹೆಬ್ಬೆರಳು ಮಾತ್ರ ತಮ್ಮದೇ ಮೊಣಕೈಯನ್ನು ಬಿಗಿಯಾಗಿ ಒತ್ತಿ ಹಿಡಿದಿದೆ.

ಬಾಗಿಲಲ್ಲಿ ಮಗಳು. "ಅಪ್ಪ ಹಂಗೆ ಒದ್ದಾಡ್ತಿದಾರೆ, ನೀವು ನೋಡ್ತಾ ಕೂತಿದೀರಲ್ಲ! ಇದಕ್ಕಾ ನಿಮ್ಮನ್ನ ಇಟ್ಕೊಂಡಿರೋದು?"

"ಹೌದಮ್ಮ, ಇದಕ್ಕೇನೇ," ಎನ್ನುತ್ತಾರೆ ಆಕೆ, ತಲೆ ತಿರುಗಿಸದೆ. "ನಾನು ಹಾಕಿದ್ರೆ ಅರ್ಧ ನಿಮಿಷ. ಆದ್ರೆ ಒಂದು ತಿಂಗಳಲ್ಲಿ ಅವರ ಬೆರಳಿಗೆ ಗುಂಡಿ ಅಂದ್ರೆ ಏನು ಅನ್ನೋದೇ ಮರೆತುಹೋಗುತ್ತೆ."

ಐದು ಗುಂಡಿಗೆ ಹನ್ನೆರಡು ನಿಮಿಷ. ಹೋದ ತಿಂಗಳು ಇಪ್ಪತ್ತಾಗುತ್ತಿತ್ತು.

ಮನೆಗೆ ಬಂದು ಹಿರಿಯರನ್ನು ನೋಡಿಕೊಳ್ಳುವ ಈಕೆಗೆ ಜೊತೆಯವರು ಇಟ್ಟ ಹೆಸರು 'ಖಡಕ್ ಅಕ್ಕ'. ಬಾಯಿಂದ ಬಾಯಿಗೆ ಸವೆದು ಈಗ 'ಖಡಕ್ಕ'. ವಯಸ್ಸು ನಲವತ್ತಾರು. ಅತ್ತೆ ಹಾಸಿಗೆ ಹಿಡಿದಾಗ ಆರು ವರ್ಷ ನೋಡಿಕೊಂಡರು. ಆಗ ನೆಂಟರು, "ಮನೇಲೇ ಇರ್ತೀಯಲ್ಲ, ಹೊತ್ತು ಹೇಗೆ ಕಳೀತೀಯ?" ಎಂದು ಕೇಳುತ್ತಿದ್ದರಂತೆ. ಅತ್ತೆ ತೀರಿಕೊಂಡ ಮೇಲೆ ಮೂರು ತಿಂಗಳ ತರಬೇತಿ ಪಡೆದು ಇದನ್ನೇ ವೃತ್ತಿ ಮಾಡಿಕೊಂಡರು. ಇದು ಇಪ್ಪತ್ಮೂರನೇ ಮನೆ. ದಿನಕ್ಕೆ ಇವರ ಭುಜ ಹಿಡಿದು ಹಿರಿಯರು ಹದಿನಾಲ್ಕು ಸಲ ಏಳುತ್ತಾರೆ. ವರಾಂಡದಲ್ಲಿ ಇನ್ನೂರು ಹೆಜ್ಜೆ, ಏಳು ಲೋಟ ನೀರು. ಪ್ರತಿ ಲೋಟಕ್ಕೂ ಒಂದು ಜಗಳ.

ಹೊರಗಿನವರ ಕಣ್ಣಿಗೆ ಇದ್ಯಾವುದೂ ಬೀಳುವುದಿಲ್ಲ. "ಒಳ್ಳೆ ದಿನ ಇದ್ರೆ ಸಿಸ್ಟರ್, ಕೆಟ್ಟ ದಿನ ಇದ್ರೆ ಕೆಲಸದವಳು. ನಾನು ಎರಡೂ ಅಲ್ಲ. ಇಷ್ಟು ಸಣ್ಣ ಮಾತು ಅರ್ಥ ಆಗೋಕೆ ಎಷ್ಟು ಜನ್ಮ ಬೇಕು?" ಸಿಟ್ಟು ಬಂದಾಗ ಖಡಕ್ಕನ ದನಿ ಏರುವುದಿಲ್ಲ, ಇಳಿಯುತ್ತದೆ.

ಆ ಸಿಟ್ಟಿನ ಬೇರು ಹಿಂದಿನ ಮನೆಯಲ್ಲಿದೆ. ಅಲ್ಲಿದ್ದವರು ನಿವೃತ್ತ ಮುಖ್ಯೋಪಾಧ್ಯಾಯಿನಿ. ಕಾಲಲ್ಲಿ ಬಲವಿಲ್ಲ, ಆದರೆ ನಾಲಿಗೆಯಲ್ಲಿ ಇಡೀ ಶಾಲೆಯನ್ನು ಸಾಲಾಗಿ ನಿಲ್ಲಿಸುವಷ್ಟು ಬಲ. ಮೊದಲ ವಾರವೇ ಅವರ ಮಗ ಸಿರಿಂಜ್ ಹಿಡಿದು ಬಂದ: "ಸಿಸ್ಟರ್, ಇದೊಂದು ಚುಚ್ಚಿಬಿಡಿ." ಖಡಕ್ಕ ಒಪ್ಪಲಿಲ್ಲ. ಮಾತ್ರೆಯ ಹೊತ್ತು ನೆನಪಿಸಬಹುದು, ಸೂಜಿ ಮುಟ್ಟುವಂತಿಲ್ಲ. ಅದಕ್ಕೆ ನರ್ಸ್ ಬರಬೇಕು. "ಇಷ್ಟೂ ಬರಲ್ವಾ?" ಎಂದು ಗೊಣಗಿದವನು ಅಂದಿನಿಂದ ಬಹುವಚನ ಬಿಟ್ಟ. ಇವರ ಪಾಲಿಗೆ ಪಾತ್ರೆ ಬಂತು, ಇಸ್ತ್ರಿ ಬಂತು. ಒಂದು ಮಧ್ಯಾಹ್ನ ನೆಂಟರು ಬರುವವರಿದ್ದರು. ಹಜಾರದ ಪರದೆಗಳನ್ನು ಇಳಿಸಿ ಒಗೆಯಬೇಕೆಂದ.

"ಅಮ್ಮನ್ನ ಬಿಟ್ಟು ಹೋಗೋಕಾಗಲ್ಲ ಅಂದೆ. ಎರಡು ಸಲ ಅಂದೆ. 'ಮಲಗಿದಾರಲ್ಲ, ನೀನೇನು ಉಸಿರು ಎಣಿಸ್ತೀಯಾ?' ಅಂದ. ಮೂರನೇ ಸಲ ಏಣಿ ಹತ್ತಿದೆ. ಹತ್ತಬಾರದಿತ್ತು. ಅದೊಂದು ನನ್ನ ತಪ್ಪು."

ಏಣಿಯ ಮೇಲಿದ್ದಾಗಲೇ ಬಚ್ಚಲಿನಿಂದ ದಡ್ ಎಂಬ ಸದ್ದು. ಯಾರನ್ನೂ ಕರೆಯದೆ ಎದ್ದು ಹೋದವರು ಒದ್ದೆ ನೆಲದಲ್ಲಿ ಜಾರಿ ಬಿದ್ದಿದ್ದರು. ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಮಗ ವೈದ್ಯರಿಗೆ ಹೇಳಿದ: "ನೋಡ್ಕೊಳ್ಳೋಕೆ ಅಂತಾನೇ ಒಬ್ಬಳನ್ನ ಇಟ್ಟಿದ್ವಿ. ಅಮ್ಮ ಬಿದ್ದಾಗ ಅವಳು ಪಕ್ಕದಲ್ಲೇ ಇರಲಿಲ್ಲ." ಒಂದೊಂದು ಮಾತೂ ನಿಜ, ಒಟ್ಟು ಸೇರಿದರೆ ಹಸಿ ಸುಳ್ಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸಾಲದ್ದಕ್ಕೆ, ಖಡಕ್ಕ ಆ ಮನೆ ಬಿಟ್ಟು ಹೊರಡುವಾಗ, ಏನಾದರೂ ಕದ್ದಿದ್ದಾರೇನೋ ಎಂದು ಮನೆಯವರು ಇವರ ಕೈಚೀಲವನ್ನು ಮೇಜಿನ ಮೇಲೆ ಸುರಿದು ನೋಡಿದರು. ಬಾಚಣಿಗೆ, ಕನ್ನಡಕ, ಅರ್ಧ ತಿಂದ ಬ್ರೆಡ್ಡು. "ಒಂದೊಂದನ್ನೇ ಎಣಿಸಿ, ಅವರ ಎದುರಿಗೇ ಮತ್ತೆ ತುಂಬಿಕೊಂಡೆ."

ಕೆಲಸಕ್ಕೆ ಕಳಿಸುವ ಕಚೇರಿ ಏನನ್ನೂ ಕೇಳದೆ ಇವರನ್ನು ಮನೆಯಲ್ಲಿ ಕೂರಿಸಿತು. ಐದನೇ ವಾರ ಅಲ್ಲಿಗೊಂದು ಫೋನ್ ಬಂತು. ಆಸ್ಪತ್ರೆಯ ಹಾಸಿಗೆಯಿಂದ ಮುಖ್ಯೋಪಾಧ್ಯಾಯಿನಿ. "ಅವಳನ್ನ ಏಣಿ ಹತ್ತಿಸಿದ್ದು ನನ್ನ ಮಗ. ನಾನು ಗೋಡೆ ಆಚೆ ಮಲಗಿದ್ದೆ, ಕಿವುಡಿಯಲ್ಲ. ಅವಳಿಗೆ ಅಲ್ಲಿ ಕೆಲಸ ಹೆಚ್ಚಾಯ್ತಲ್ಲ ಅಂತ ಕರೆಯದೆ ಎದ್ದೆ." ಕಚೇರಿಯವರು ಖಡಕ್ಕನನ್ನು ಕರೆಸಿ ಹೊಸ ಮನೆಯ ವಿಳಾಸ ಕೊಟ್ಟರು. ಕ್ಷಮೆ ಕೇಳಲಿಲ್ಲ. ಮಗ ಇವತ್ತಿಗೂ ಕೇಳಿಲ್ಲ.

ಅಂದಿನಿಂದ ಯಾವ ಮನೆಗೇ ಹೋಗಲಿ, ಇವರು ಮೊದಲು ಕುರ್ಚಿ ಎಳೆದುಕೊಂಡು ಕೂತು ಮಾತು ಮುಗಿಸುತ್ತಾರೆ. "ಸ್ನಾನ, ಬಟ್ಟೆ, ಊಟ, ನಡಿಗೆ, ಮಾತುಕತೆ ನನ್ನದು. ಸೂಜಿ ನರ್ಸಿಂದು. ನೆಲ, ಪರದೆ ಮನೆಗೆಲಸದವರದು. ಅದು ಕೀಳು ಅಂತಲ್ಲ, ಅದು ಇನ್ನೊಬ್ಬರ ಅನ್ನ. ನಾನು ನೆಲ ಒರೆಸ್ತಿರುವಾಗ ನಿಮ್ಮಪ್ಪನ ಮೇಲೆ ಕಣ್ಣಿಡೋರು ಯಾರು?" ಹೀಗೆ ಹೇಳಿದ್ದಕ್ಕೆ ಎರಡು ಮನೆಗಳು ಬಾಗಿಲಲ್ಲೇ ಬೇಡ ಎಂದಿವೆ. ಈ ಮನೆ ಒಪ್ಪಿಕೊಂಡಿತು.

ಒಪ್ಪಿದ ಮಗಳೂ ಮಾತಿನೇಟು ತಿನ್ನುತ್ತಲೇ ಇದ್ದಾಳೆ. ಮೆಟ್ಟಿಲ ಬಳಿ ಎದುರಾಗುವ ಕೆಳಮಹಡಿಯ ಹೆಂಗಸು ದಿನಾ ಒಂದೇ ರಾಗ ಎಳೆಯುತ್ತಾಳೆ: "ಹೊಟ್ಟೇಲಿ ಹುಟ್ಟಿದ ಮಗಳಿದ್ದೂ ಬಾಡಿಗೆ ಕೈಗೆ ಕೊಟ್ರಲ್ಲ." ಖಡಕ್ಕ ಒಮ್ಮೆ ನಿಂತೇಬಿಟ್ಟರು. "ಎರಡು ವರ್ಷ ಆ ಹುಡುಗಿ ಒಬ್ಬಳೇ ಎತ್ತಿ ಇಳಿಸಿ ಬೆನ್ನು ಮುರ್ಕೊಂಡ್ಳು. ಆಗ ನೀವು ಎಷ್ಟು ದಿನ ಬಂದು ಕೂತಿದ್ರಿ? ಒಂದು ಗಂಟೆ? ಅರ್ಧ?" ಆ ಹೆಂಗಸು ಬಾಗಿಲು ಹಾಕಿಕೊಂಡಳು. ನಾಲಿಗೆಗೆ ಎಲುಬಿಲ್ಲ ನಿಜ. ಕಿವಿಗಾದರೂ ನಾಚಿಕೆ ಬೇಡವೇ?

ಇವತ್ತು ತಿಂಡಿಯ ಹೊತ್ತಿಗೆ ಮಗಳೇ ಖಡಕ್ಕನ ಮುಂದೆ ಟೀ ತಂದಿಡುತ್ತಾಳೆ. "ಬೆಳಿಗ್ಗೆ ಬೈದುಬಿಟ್ಟೆ," ಎನ್ನುತ್ತಾಳೆ. ಉತ್ತರ ಬರುವುದು ಅಪ್ಪನಿಂದ, ತೊದಲುತ್ತ: "ನಿಂತ ಗಡಿಯಾರದ ಮುಳ್ಳನ್ನ ಕೈಯಲ್ಲಿ ತಿರುಗಿಸಿದ್ರೆ... ಅದು ರಿಪೇರಿ ಅಲ್ಲಮ್ಮ." ಮೂವರೂ ನಗುತ್ತಾರೆ.

ನಿಮಗೇನು ಬೇಕು ಎಂದು ಕೇಳಿದರೆ ಖಡಕ್ಕ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಹೇಳುತ್ತಾರೆ: "ದೇವತೆ ಅನ್ನೋದು ಬೇಡ, ಕಳ್ಳಿ ಅನ್ನೋದೂ ಬೇಡ. ನನಗೆ ಕೆಲಸ ಗೊತ್ತು ಅಂದ್ಕೊಂಡ್ರೆ ಸಾಕು. ಮಲಗಿದಲ್ಲೇ ಇದ್ದ ಒಂಬತ್ತು ಜನರನ್ನ ನೋಡ್ಕೊಂಡಿದೀನಿ. ಒಬ್ಬರ ಬೆನ್ನಲ್ಲೂ ಹುಣ್ಣೇಳೋಕೆ ಬಿಟ್ಟಿಲ್ಲ."