ರೀಲಿಲ್ಲದ ಫ್ಲ್ಯಾಷ್

“ಕ್ಯಾಮೆರಾಕ್ಕೆ ಬೆಲೆ ಬರಲ್ಲ ಸಾರ್, ಲೆನ್ಸಿಗೆ ಫಂಗಸ್ ಹಿಡಿದಿದೆ. ಫ್ಲ್ಯಾಷ್ ಮಾತ್ರ ತಗೊಳ್ತೀನಿ,” ಎನ್ನುತ್ತಾ ದುರ್ಗಿಗುಡಿಯ ಸ್ಟುಡಿಯೋದವರು ಅದನ್ನೊಮ್ಮೆ ಮಿಂಚಿಸಿದರು. ತೀರಿಕೊಂಡ ಅಪ್ಪ ಭದ್ರಾವತಿಯಲ್ಲಿ ಕಾರ್ಖಾನೆ ಕೆಲಸದ ಜೊತೆಗೆ ಮದುವೆ ಫೋಟೋ ತೆಗೆಯುತ್ತಿದ್ದ ಸಾಮಾನು ಅದು.

ಪಾಸ್‌ಪೋರ್ಟ್ ಫೋಟೋಗೆಂದು ಬಂದು ಕೂತಿದ್ದ ಹೆಂಗಸು, ನಮ್ಮ ಕ್ವಾರ್ಟರ್ಸಿನ ಹಳೆಯ ನೆರೆಯವರು, ನನ್ನ ಗುರುತು ಹಿಡಿದು ನಕ್ಕರು.

“ನನ್ನ ಮದುವೇಲಿ ಅರ್ಧಕ್ಕೇ ರೀಲು ಮುಗೀತು ಮಾರಾಯ. ಇನ್ನೊಂದು ತರೋಕೆ ನಮ್ಮತ್ರ ದುಡ್ಡೆಲ್ಲಿ? ನಿಮ್ಮಪ್ಪ ನನ್ನ ಕಿವೀಲಿ ಹೇಳಿ, ಉಳಿದೋರಿಗೆಲ್ಲ ಬರೀ ಫ್ಲ್ಯಾಷ್ ಹೊಡೆದ್ರು. ಕೂಲಿ ಮಾಡೋ ನೆಂಟ್ರು ತಲೆ ಬಾಚ್ಕೊಂಡು ಕಾಯ್ತಿದ್ರು. ಒಬ್ರೂ ಮುಖ ಸಣ್ಣ ಮಾಡ್ಕೊಳ್ಳಲಿಲ್ಲ!”

ಅಪ್ಪನ ಫೋಟೋ ಸಂಪಾದನೆಯಿಂದಲೇ ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಮಾಡಿದವನು ನಾನು. ಅವರು ತೆಗೆಯದ ಫೋಟೋಗಳ ವಿಷಯ ಗೊತ್ತಾದದ್ದು ಅಂದೇ. ಕ್ಯಾಮೆರಾವನ್ನು ಅಂಗಡಿಯ ಷೋಕೇಸಿಗೆ ಸುಮ್ಮನೆ ಕೊಟ್ಟು, ಬೆಲೆ ಬರುತ್ತಿದ್ದ ಫ್ಲ್ಯಾಷನ್ನು ಮನೆಗೆ ತಂದೆ.